ಅಚ್ಚುಬೆಲ್ಲ

ಮಾನ್ವಿ ತಾಲ್ಲೂಕು, ರಾಯಚೂರು ಜಿಲ್ಲೆ
೩–೮–೧೯೭೫

ಅಣ್ಣನಿಗೆ ಜಯಲಕ್ಷ್ಮಿಯ ನಮಸ್ಕಾರ.

ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಮೂರು ಹೊತ್ತೂ ಜೋಳದ ರೊಟ್ಟಿ. ಮುದ್ದೆ ಅಂದರೆ ಇಲ್ಲಿಯವರು ದನಕ್ಕೆ ಇಡುವ ಉಂಡೆಯೇನೋ ಎಂಬಂತೆ ನೋಡುತ್ತಾರೆ. ಹೆರಿಗೆ ಮಾಡಿಸಲು ಮಾತ್ರ ನಾನು ಬೇಕು.

ಊರಿಗೆ ಟೆಲಿವಿಷನ್ ಬಂದಿದೆ. ನಿನಗೆ ಹೇಗೆ ಹೇಳಲಿ, ರೇಡಿಯೋಗೆ ಕಣ್ಣು ಬಂದಿದೆ ಅಂದುಕೋ. ಶಾಲೆಯ ಜಗುಲಿಯ ಮೇಲೆ ಪೆಟ್ಟಿಗೆ, ಹೊರಗೆ ಕೋಳಿ ಬಲೆಯಂಥ ತಂತಿ ಹೆಣೆದ ಒಂದು ದೊಡ್ಡ ಕೊಡೆ, ಅದನ್ನು ಮಲಗಿಸಿ ಆಕಾಶಕ್ಕೆ ಮುಖ ಮಾಡಿದ್ದಾರೆ. ಮೊನ್ನೆ ಒಂದನೇ ತಾರೀಕು ಸಂಜೆ ಶುರುವಾಯಿತು. ಪ್ರಧಾನಿಯವರ ಭಾಷಣ ಹಿಂದಿಯಲ್ಲಿ ಬಂತು, ಯಾರಿಗೂ ಅರ್ಥವಾಗಲಿಲ್ಲ, ಎಲ್ಲರೂ ಕೈಮುಗಿದು ಕೂತಿದ್ದರು. ಆಮೇಲೆ ಕನ್ನಡದಲ್ಲಿ ಬೇಸಾಯದ ಮಾತು ಬಂದಾಗ ಒಬ್ಬ ಮುದುಕ ಎದ್ದು ಪೆಟ್ಟಿಗೆಯವನ ಜೊತೆ ಜಗಳಕ್ಕೇ ಬಿದ್ದ.

ದಿಲ್ಲಿಗೆ ಇದು ಬಂದು ಹದಿನಾರು ವರ್ಷವಾಯಿತಂತೆ, ಬೊಂಬಾಯಿಗೆ ಮೂರು ವರ್ಷ. ಬೆಂಗಳೂರಿಗೆ ಇನ್ನೂ ಇಲ್ಲ. ಕುಡಿಯುವ ನೀರಿಗೆ ಒಂದು ಮೈಲಿ ನಡೆಯುವ ಈ ಊರಿಗೆ ಬಂದುಬಿಟ್ಟಿದೆ. ಅಮೆರಿಕದವರು ಆಕಾಶದಲ್ಲಿ ಉಪಗ್ರಹವೊಂದನ್ನು ನಿಲ್ಲಿಸಿ ನಮ್ಮ ಸರ್ಕಾರಕ್ಕೆ ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟಿದ್ದಾರಂತೆ, ವರ್ಷ ಮುಗಿದ ಮೇಲೆ ವಾಪಸ್ಸು. ಕೊಟ್ಟು ಕಿತ್ತುಕೊಳ್ಳುವುದು ನಮ್ಮ ಕಡೆ ಬೀಗರಿಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ.

ಈಗ ನನ್ನ ಕೆಲಸದ ಮಾತು. ನನ್ನ ಚಲುವನ ಅಪ್ಪ ಹಾವು ಕಚ್ಚಿ ತೀರಿಕೊಂಡ ಮೇಲೆ, ಶೀಳನೆರೆಯ ಜಗುಲಿಯ ಮೇಲೆ ಕೂತು ಮಾವನವರು ಆಡಿದ ಮಾತು ನಿನಗೂ ನೆನಪಿರಬೇಕು. ‘ನರ್ಸಮ್ಮನ ಕೆಲ್ಸ ಕಲ್ತ್ಕೊ, ಒಂದು ಮನೆ ಅಂತ ಮಾಡ್ಕೊ, ಮೊಗ ಇಸ್ಕೂಲಿಗೆ ಸೇರೋ ವೊತ್ಗೆ ಬಂದು ಕರ್ಕೊಂಡೋಗು’ ಅಂದಿದ್ದರು. ಕೆಲಸ ಕಲಿತೆ. ಈಗ ಎರಡು ಅಂಕಣದ ಸರ್ಕಾರಿ ಮನೆಯೂ ಸಿಕ್ಕಿದೆ. ಬರುವ ಜೂನ್‌ಗೆ ಚಲುವನಿಗೆ ಆರು ತುಂಬುತ್ತದೆ. ಇಲ್ಲಿ ಶಾಲೆ ಮಕ್ಕಳಿಗೆ ಬೆಳಿಗ್ಗೆ ಬೇರೆಯೇ ಟೆಲಿವಿಷನ್ ಪಾಠ ಬರುತ್ತದೆ, ಎರಡು ತಿಂಗಳಾದರೂ ಅವನು ನೋಡಲಿ. ನೀನು ಒಂದು ಸಲ ಶೀಳನೆರೆಗೆ ಹೋಗಿ ಮಾವನವರಿಗೆ ಆ ಮಾತು ನೆನಪು ಮಾಡಿ ಬಾ. ಹಾಗೆಯೇ ಚಲುವನನ್ನು ಗೋಡೆಗೆ ನಿಲ್ಲಿಸಿ, ನೆತ್ತಿಯಿಂದ ಹಿಮ್ಮಡಿವರೆಗೆ ದಾರ ಹಿಡಿದು ಅಳೆದು ಕಳಿಸು, ಬಟ್ಟೆ ಹೊಲಿಸಬೇಕು.

ಅತ್ತಿಗೆಗೆ ನನ್ನ ನಮಸ್ಕಾರ ಹೇಳು.

ನಿನ್ನ ತಂಗಿ
ಜಯಲಕ್ಷ್ಮಿ


ಕಿರಂಗೂರು
೨೪–೮–೧೯೭೫

ಚಿರಂಜೀವಿ ಜಯಲಕ್ಷ್ಮಿಗೆ ನಿನ್ನ ಅಣ್ಣ ಕೆಂಪಣ್ಣನ ಆಶೀರ್ವಾದ.

ಕಬ್ಬು ಕಡಿಯಲು ಪಾಂಡವಪುರದ ಕಾರ್ಖಾನೆಯಿಂದ ಇನ್ನೂ ಅಪ್ಪಣೆ ಚೀಟಿ ಬಂದಿಲ್ಲ, ಹಾಗಾಗಿ ಶೀಳನೆರೆಗೆ ಹೋಗಿಬರಲು ಪುರಸೊತ್ತಾಯಿತು. ಕೆ.ಆರ್. ಪೇಟೆಯವರೆಗೆ ಬಸ್ಸು ಸಿಕ್ಕಿತು, ಅಲ್ಲಿಂದ ಯಾರದೋ ಗಾಡಿ ಹತ್ತಿಕೊಂಡು ಹೋದೆ.

ಚಲುವ ಕರುವಿನ ಬಾಲ ಹಿಡಿದು ಊರೆಲ್ಲ ಓಡುತ್ತಿದ್ದ. ನನ್ನನ್ನು ಕಂಡು ಕಂಬದ ಹಿಂದೆ ನಿಂತ. ‘ನಿಮ್ಮವ್ವ ನಿನ್ನ ಏನಂತ ಕರೀತಾಳ್ಲಾ?’ ಅಂದೆ. ‘ಅಚ್ಚುಬೆಲ್ಲ’ ಅಂದು ಮುಖ ಮುಚ್ಚಿಕೊಂಡ. ನಿನ್ನ ಬೆಟ್ಟಮ್ಮತ್ತೆ ನಕ್ಕು, ‘ಸಂಕ್ರಾಂತಿಗೆ ಬಂದಿದ್ದಾಗ ಕರದೋದ್ಲು ನೋಡು, ಅದೊಂದು ಮಾತ್ನ ಕಚ್ಕೊಂಡು ಕುಂತದೆ. ಬ್ಯಾರೆ ಯಾರಾದ್ರೂ ಅಂಗೆ ಕರದ್ರೆ ಒಡಿಯಕ್ಕೆ ಬತ್ತದೆ’ ಅಂದರು. ಅವರ ನಗುವಿನಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು. ಇರಬೇಕಾದ್ದೇ, ರಾತ್ರಿ ಹಗಲು ಸಾಕುತ್ತಿರುವವರು ಅವರು.

ಚೌಡಯ್ಯ ಮಾವನವರು ನಿನ್ನ ಮಾತು ಕೇಳಿ ತಲೆದೂಗಿದರು. ‘ಮಾತು ಅಂದ್ರೆ ಮಾತೇ ಕನಪ್ಪ. ನನ್ನ ಸೊಸೆಯಾಗಿ ಇರೋವರ್ಗೂ ಮೊಗ ಅವಳ್ದೇ’ ಅಂದರು. ಅವರು ಆಡಿದ್ದು ಸರಿಯಾಗಿಯೇ ಇದೆ, ಆದರೂ ಆ ಮಾತಿನ ತುದಿ ನನಗೆ ಚುಚ್ಚಿತು. ನಮ್ಮಲ್ಲಿ ಕೂಡಿಕೆ ಮಾಡಿಕೊಂಡು ಇನ್ನೊಂದು ಮನೆ ಸೇರಿದ ಹೆಂಗಸು ಮೊದಲ ಗಂಡನ ಮಗುವನ್ನು ಆ ಮನೆಯಲ್ಲೇ ಬಿಟ್ಟು ಹೋಗಬೇಕು ಅನ್ನುವ ಕಟ್ಟಳೆ ನಿನಗೆ ಗೊತ್ತೇ ಇದೆ. ನಿನ್ನ ಮೇಲೆ ನನಗೆ ಅನುಮಾನವಿಲ್ಲ. ಅಷ್ಟು ದೂರದಲ್ಲಿ ಒಬ್ಬಳೇ ಇದ್ದೀಯ, ಆಡುವ ಬಾಯಿಗಳು ಇಲ್ಲಿವೆ, ಅದಕ್ಕೆ ಬರೆದೆ.

ದಾರ ಇದರ ಜೊತೆ ಇಟ್ಟಿದ್ದೇನೆ. ಅಳೆಯುವಾಗ ತುದಿಗಾಲಲ್ಲಿ ನಿಂತಿದ್ದ, ಕಳ್ಳ. ಎರಡು ಬೆರಳು ಕಳೆದುಕೋ.

ನಿನ್ನ ಅಣ್ಣ
ಕೆಂಪಣ್ಣ


ಮಾನ್ವಿ ತಾಲ್ಲೂಕು
೧೬–೧೧–೧೯೭೫

ಅಣ್ಣನಿಗೆ,

ದಾರವನ್ನು ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆದು ಇಳಿಬಿಟ್ಟಿದ್ದೇನೆ. ನನ್ನ ಸೊಂಟಕ್ಕಿಂತ ಮೇಲೆ ಬಂದುಬಿಟ್ಟಿದ್ದಾನೆ. ಎರಡು ಅಂಗಿ, ಎರಡು ಚಡ್ಡಿ ಹೊಲಿಸಿದೆ. ಬಟ್ಟೆ ಜೂನ್‌ಗೆ ಆಗಬೇಕು, ಹುಡುಗ ಬೆಳೆಯುತ್ತಾನೆ ಎಂದು ದರ್ಜಿಗೆ ಹೇಳಿ ಸಡಿಲವಾಗಿಯೇ ಹೊಲಿಸಿದ್ದೇನೆ.

ಈಗ ನಗಬೇಡ. ನಾನು ಟೆಲಿವಿಷನ್ನಿನಲ್ಲಿ ಪಾರ್ಟು ಮಾಡಿದ್ದೇನೆ.

ಹೈದರಾಬಾದಿನಿಂದ ಕ್ಯಾಮೆರಾದವರು ವ್ಯಾನಿನಲ್ಲಿ ಬಂದರು. ಎಳೆಮಕ್ಕಳಿಗೆ ಏನು ತಿನ್ನಿಸಬೇಕು ಅನ್ನುವುದರ ಮೇಲೆ ಒಂದು ಪುಟ್ಟ ನಾಟಕ. ಒಬ್ಬ ತಾಯಿ, ಒಬ್ಬ ತಂದೆ, ಒಂದು ಮಗು, ಇಷ್ಟೇ. ತಾಯಿಯ ಪಾರ್ಟಿಗೆ ಊರಿನ ಹೆಂಗಸರನ್ನು ಕರೆದರೆ ಒಬ್ಬೊಬ್ಬರೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಓಡಿದರು. ‘ನೀವೇ ಮಾಡಿ ಸಿಸ್ಟರ್’ ಅಂದರು. ನಮ್ಮ ಡಾಕ್ಟರೂ ಮಾಡಮ್ಮ ಅಂದರು. ಶಾಲೆಯ ಮೇಷ್ಟ್ರಿಗೆ ಗಂಡನ ಪಾರ್ಟು. ಅವರ ಹೆಂಡತಿ ಎದುರಿಗೇ ಕೂತು ಬಿದ್ದು ಬಿದ್ದು ನಗುತ್ತಿದ್ದಳು. ನಾನು ಹಾಕಿಕೊಂಡ ಕರಿಮಣಿ, ಹಸಿರು ಬಳೆ, ಇಟ್ಟುಕೊಂಡ ಕುಂಕುಮ ಎಲ್ಲ ಅವಳದೇ. ಮಗು ದ್ಯಾವಮ್ಮ ಅನ್ನುವವಳದು, ನಾನೇ ಹೆರಿಗೆ ಮಾಡಿಸಿದ್ದು. ನನ್ನ ಕೈಗೆ ಅಂಟಿಕೊಂಡಿರುವ ಗಂಡು ಮಗು.

ಕುಂಕುಮ ಇಟ್ಟುಕೊಳ್ಳುವಾಗ ಕೈ ನಡುಗಿತು ಎಂದು ಬರೆದರೆ ನಿನಗೆ ಸಮಾಧಾನ. ನಡುಗಲಿಲ್ಲ. ಕನ್ನಡಿಯಲ್ಲಿ ಚೆನ್ನಾಗಿಯೇ ಕಂಡೆ. ಕೆಲಸ ಮುಗಿದ ಮೇಲೂ ಅವತ್ತು ಸಂಜೆಯವರೆಗೆ ಅಳಿಸಲಿಲ್ಲ. ನಿನಗೆ ಹೇಳದೆ ಇನ್ನು ಯಾರಿಗೆ ಹೇಳಲಿ.

ಅವರು ಬರೆದುಕೊಟ್ಟ ಮಾತು ಈ ಸೀಮೆಯದು. ‘ಹಾಂಗ’, ‘ಬ್ಯಾಡ’ ಅನ್ನುವಷ್ಟರಲ್ಲಿ ನನ್ನ ನಾಲಿಗೆ ಒಣಗಿತು. ಕೊನೆಗೆ ಮಗುವಿಗೆ ರಾಗಿ ಸರಿ ತಿನ್ನಿಸಬೇಕು. ಬರೆದ ಮಾತೆಲ್ಲ ಮುಗಿದರೂ ಮಗು ಬಾಯಿ ಬಿಡಲಿಲ್ಲ. ‘ಸುಮ್ಮನೆ ಕೂರಬೇಡಿ, ನಿಮ್ಮ ಮಗುವಿಗೆ ಏನನ್ನುತ್ತೀರೋ ಅದನ್ನೇ ಅನ್ನಿ’ ಎಂದು ಕ್ಯಾಮೆರಾದ ಹಿಂದಿನಿಂದ ಕೂಗಿದರು. ನನ್ನ ಬಾಯಿಗೆ ಗೊತ್ತಿರುವುದು ಒಂದೇ. ‘ನನ್ನ ಅಚ್ಚುಬೆಲ್ಲ, ಬಾಯ್ ಬುಡು ಕಂದ, ನಂಗಿರೋನು ನೀನೊಬ್ನೇ ಅಲ್ವಾ’ ಅಂದೆ. ಮಗು ಬಾಯಿ ತೆರೆಯಿತು. ಆ ಗಳಿಗೆಯಲ್ಲಿ ನನ್ನ ತೊಡೆಯ ಮೇಲೆ ಇದ್ದವನು ಚಲುವನೇ ಅಣ್ಣ, ದ್ಯಾವಮ್ಮನ ಮಗು ಅಲ್ಲ. ಅವರು ಅದನ್ನು ಹಾಗೆಯೇ ಉಳಿಸಿಕೊಂಡರು.

ಮೊನ್ನೆ ಸಂಜೆ ಬಂತು. ಇಡೀ ಊರು ನೋಡಿತು. ಈಗ ದಾರಿಯಲ್ಲಿ ಹೋದರೆ ಮಕ್ಕಳು ‘ಅಚ್ಚುಬೆಲ್ಲದ ನರ್ಸಮ್ಮ’ ಅನ್ನುತ್ತವೆ. ಎರಡು ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಇಂಥ ಪೆಟ್ಟಿಗೆ ಇದೆಯಂತೆ. ನನ್ನ ಮಗನಿರುವ ಊರಿನಲ್ಲಿ ಇಲ್ಲ.

ನಿನ್ನ ತಂಗಿ
ಜಯಲಕ್ಷ್ಮಿ


ಕಿರಂಗೂರು
೧೮–೧–೧೯೭೬

ಜಯಲಕ್ಷ್ಮಿಗೆ ಅಣ್ಣನ ಆಶೀರ್ವಾದ.

ಹೇಗೆ ಶುರು ಮಾಡಬೇಕೋ ತಿಳಿಯದೆ ಎರಡು ಕಾಗದ ಹರಿದು ಹಾಕಿದ್ದೇನೆ. ಇದನ್ನು ಕೂತುಕೊಂಡು ಓದು.

ಬೆಟ್ಟಮ್ಮತ್ತೆ ಕೆ.ಆರ್. ಪೇಟೆ ಸಂತೆಯಲ್ಲಿ ಒಣಮೆಣಸಿನಕಾಯಿ ಕಟ್ಟಿಸಿಕೊಂಡು ಬಂದರು. ಮೆಣಸಿನಕಾಯಿ ಸುರಿದು ಕಾಗದ ಬಿಡಿಸಿದರೆ ಅದರಲ್ಲಿ ನಿನ್ನ ಪಟ. ಯಾವುದೋ ವಾರಪತ್ರಿಕೆಯದು. ಹಣೆಯಲ್ಲಿ ಕುಂಕುಮ, ಕೊರಳಲ್ಲಿ ಕರಿಮಣಿ, ತೊಡೆಯ ಮೇಲೆ ಮಗು, ಪಕ್ಕದಲ್ಲಿ ಗಂಡಸು. ಕೆಳಗಿನ ಬರಹ ಅರ್ಧ ಹರಿದುಹೋಗಿದೆ. ಉಳಿದಿರುವುದು ‘ರಾಯಚೂರು ಜಿಲ್ಲೆಯ ಸುಖೀ ಸಂಸಾರ’ ಎಂಬುದಷ್ಟೇ. ಹರಿದ ಅರ್ಧದಲ್ಲಿ ನಾಟಕ ಎಂದು ಇತ್ತೋ ಏನೋ, ಅದರಲ್ಲಿ ಯಾರ ಮನೆಗೆ ಏನು ಕಟ್ಟಿಕೊಟ್ಟರೋ.

ಅರಳಿಕಟ್ಟೆಯಲ್ಲಿ ಯಜಮಾನರು ಸೇರಿದರು. ನನಗೂ ಹೇಳಿಕಳಿಸಿದ್ದರು. ನಾನು ‘ಅದು ಟೀವಿ ನಾಟಕ, ನನಗೆ ಕಾಗದ ಬರೆದಿದ್ದಾಳೆ’ ಅಂದೆ. ಟೀವಿ ಅಂದರೇನು ಅಂದರು. ನಾನಾದರೂ ನೋಡಿದ್ದೇನೆಯೇ, ರೇಡಿಯೋಗೆ ಕಣ್ಣು ಬಂದಂಗೆ ಅಂದೆ. ಎಲ್ಲರೂ ನಕ್ಕರು. ‘ನಾಟ್ಕ ಅಂದ್ರೆ ರಂಗದ ಮ್ಯಾಲೆ ಆಡ್ತಾರೆ. ಇವ್ಳು ಮನೆ ಜಗುಲಿ ಮ್ಯಾಲೆ ಕುಂತವ್ಳೆ. ನಾಟ್ಕದಲ್ಲಿ ಎಳೆಕೂಸು ಇರ್ತದೇನಯ್ಯ?’ ಎಂದರು ಯಜಮಾನ ನಿಂಗಯ್ಯನವರು. ನಿನ್ನ ಕಾಗದ ನನ್ನ ಜೇಬಿನಲ್ಲೇ ಇತ್ತು. ತೆಗೆದು ಓದೋಣವೆಂದರೆ, ಸಂಜೆಯವರೆಗೆ ಅಳಿಸಲಿಲ್ಲ ಎಂದು ಬೇರೆ ಬರೆದಿದ್ದೀಯ. ಸುಮ್ಮನೆ ನಿಂತೆ.

ಆದ ತೀರ್ಮಾನ ಇಷ್ಟು: ನೀನು ಕೂಡಿಕೆ ಮಾಡಿಕೊಂಡಿದ್ದೀಯ. ಅದು ತಪ್ಪಲ್ಲ, ವಯಸ್ಸು ಇದೆ, ಮಾಡಿಕೊಳ್ಳಲಿ. ಆದರೆ ಹೇಳದೆ ಮಾಡಿಕೊಂಡದ್ದು ತಪ್ಪು. ಮಗು ಶೀಳನೆರೆಯ ಮನೆಯದು. ಜೂನ್‌ನಲ್ಲಿ ಅಲ್ಲಿನ ಶಾಲೆಗೇ ಸೇರಿಸುತ್ತಾರೆ. ಚೌಡಯ್ಯ ಮಾವನವರು ನೆಲ ನೋಡುತ್ತಾ ಕೂತಿದ್ದರು.

ಕೆಂಪಣ್ಣ


ಮಾನ್ವಿ ತಾಲ್ಲೂಕು
೨–೨–೧೯೭೬

ಅಣ್ಣ,

ನಿಂತುಕೊಂಡೇ ಓದಿದೆ.

ಒಬ್ಬ ಹೆಂಗಸಿಗೆ ಎರಡನೇ ಮದುವೆ ಮಾಡಲು ನಿಮಗೆ ಮೆಣಸಿನಕಾಯಿ ಕಟ್ಟಿದ ಕಾಗದ ಸಾಕಾಯಿತು. ಮದುಮಗನ ಹೆಸರನ್ನಾದರೂ ಕೇಳಿದರೇ? ಮೇಷ್ಟ್ರ ಹೆಂಡತಿ ಮೂರು ಮಕ್ಕಳ ತಾಯಿ, ನನಗೆ ಕರಿಮಣಿ ಎರವಲು ಕೊಟ್ಟವಳು. ಇದನ್ನು ಕೇಳಿ ಅವಳು ಅತ್ತಳು. ನನ್ನ ಸ್ವಂತ ಅಣ್ಣ ಅರಳಿಕಟ್ಟೆಯ ಮುಂದೆ ಸುಮ್ಮನೆ ನಿಂತ. ನಿನಗೆ ಬಾಯಿ ಕೊಟ್ಟ ದೇವರು ಅದನ್ನು ಉಣ್ಣುವುದಕ್ಕೆ ಮಾತ್ರ ಕೊಟ್ಟನೇನೋ.

ನಾನೇ ಓಡಿಬಂದು ಎದುರಿಗೆ ನಿಲ್ಲುತ್ತಿದ್ದೆ. ರಜೆ ಇಲ್ಲ. ಈಗ ಮೇಲಿನಿಂದ ಗುರಿ ಹಾಕಿದ್ದಾರೆ, ಇಷ್ಟು ಕುಟುಂಬ ಯೋಜನೆಯ ಆಪರೇಷನ್ ಕೇಸು ತರುವವರೆಗೆ ನರ್ಸುಗಳು ಊರು ಬಿಡುವ ಹಾಗಿಲ್ಲ, ಬಿಟ್ಟರೆ ಕೆಲಸ ಹೋಯಿತು. ಕೆಲಸ ಹೋದರೆ ಮನೆ ಹೋಯಿತು, ಮನೆ ಇಲ್ಲದೆ ಮಗನನ್ನು ಎಲ್ಲಿಗೆ ಕರೆದುಕೊಂಡು ಬರಲಿ? ಇನ್ನು ಬಂದೇ ಬಂದೆ ಅನ್ನು, ಬರಿ ಹಣೆಯಲ್ಲಿ ಬಂದರೆ ಅಳಿಸಿಕೊಂಡು ಬಂದಿದ್ದಾಳೆ ಅನ್ನುತ್ತಾರೆ. ಡಾಕ್ಟರ ಕೈಲಿ ಬರೆಸಿ ಕಳಿಸಿದರೆ ಆ ಡಾಕ್ಟರೂ ನನ್ನ ಗಂಡನೇ ಆಗುತ್ತಾನೆ.

ಒಂದೇ ದಾರಿ ಇದೆ. ಕ್ಯಾಮೆರಾದವರಿಗೆ ಕಾಗದ ಬರೆದಿದ್ದೆ. ಜನ ಮೆಚ್ಚಿದ ನಾಟಕಗಳನ್ನು ಕೊನೆಯ ತಿಂಗಳು, ಅಂದರೆ ಜುಲೈನಲ್ಲಿ, ಇನ್ನೊಮ್ಮೆ ತೋರಿಸುತ್ತಾರಂತೆ. ನನ್ನದೂ ಇದೆ ಎಂದು ಉತ್ತರ ಬಂದಿದೆ. ಮಾವನವರನ್ನು ಇಲ್ಲಿಗೆ ಕರೆದುಕೊಂಡು ಬಾ. ಪೆಟ್ಟಿಗೆಯೊಳಗೆ ನಾನು, ಪೆಟ್ಟಿಗೆಯ ಹೊರಗೆ ಮೇಷ್ಟ್ರು, ಅವರ ಹೆಂಡತಿ, ದ್ಯಾವಮ್ಮ, ಅವಳ ಮಗು, ಎಲ್ಲರನ್ನೂ ಪಕ್ಕಪಕ್ಕ ನೋಡಲಿ. ಆಗಸ್ಟ್ ಹುಟ್ಟಿದರೆ ಅದೂ ಇಲ್ಲ, ಉಪಗ್ರಹ ಹೋಗುತ್ತದೆ.

ಚಲುವನನ್ನೂ ತಪ್ಪದೆ ಕರೆದುಕೊಂಡು ಬಾ. ಅವನ ಕಿವಿಗೆ ಏನೇನು ತುಂಬಿದ್ದಾರೋ. ಅವನೂ ನೋಡಲಿ, ನಾನು ಏನೂ ಹೇಳಬೇಕಾಗಿಲ್ಲ.

ಜಯಲಕ್ಷ್ಮಿ


ಶೀಳನೆರೆ
೧೧–೪–೧೯೭೬

ಜಯಲಕ್ಷ್ಮಮ್ಮನಿಗೆ ಚೌಡಯ್ಯ ತಿಳಿಸುವುದು.

ನಿನ್ನ ಅಣ್ಣ ಬಂದು ಎಲ್ಲ ಹೇಳಿದ. ನಾನು ಓದು ಕಲಿತದ್ದು ನಾಟಕದ ಪುಸ್ತಕದಿಂದ, ತಪ್ಪಿದ್ದರೆ ತಿದ್ದಿಕೊಂಡು ಓದು.

ಪಾರ್ಟು ಅಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೀಸೆ ಬರುವ ಮುಂಚೆ ಈ ಊರಿನಲ್ಲಿ ರಾಣಿ ಪಾರ್ಟು ನನ್ನದೇ. ಹಣೆಗೆ ಕುಂಕುಮ ಇಟ್ಟು, ಬಳೆ ತೊಟ್ಟು, ಇದೇ ನಿಂಗಯ್ಯನ ಪಕ್ಕದಲ್ಲಿ ಅವನ ಹೆಂಡತಿಯಾಗಿ ನಿಂತಿದ್ದೇನೆ. ಅದು ಕೂಡಿಕೆ ಆಗಿದ್ದರೆ ನಾನು ಈಗಲೂ ಅವನ ಮನೆಯಲ್ಲಿ ರಾಗಿ ಬೀಸುತ್ತಿರಬೇಕಾಗಿತ್ತು. ಅವತ್ತು ಅರಳಿಕಟ್ಟೆಯಲ್ಲಿ ಈ ಮಾತು ನನ್ನ ಬಾಯಿಗೆ ಬರಲಿಲ್ಲ. ಮಗ ಮಾಯಣ್ಣ ಇರಬೇಕಾದ ಜಾಗದಲ್ಲಿ ಇನ್ನೊಬ್ಬನನ್ನು ಕಂಡು ಹೊಟ್ಟೆ ಉರಿಯಿತು. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ಜುಲೈನಲ್ಲಿ ಬರುತ್ತೇನೆ, ಮಗುವನ್ನೂ ಕರೆತರುತ್ತೇನೆ. ಅದು ನಾಟಕವೇ ಆಗಿದ್ದರೆ ನಿಂಗಯ್ಯನ ಮುಂದೆ ಎದ್ದು ನಿಂತು ಹೇಳುತ್ತೇನೆ. ಆಮೇಲೆ ಮಗು ನಿನ್ನದು. ಬೆಟ್ಟಮ್ಮ ಅಳುತ್ತಾಳೆ, ಅಳಲಿ. ಈ ವರ್ಷ ಶಾಲೆಗೆ ಇಲ್ಲಿ ಹೆಸರು ಬರೆಸುತ್ತೇನೆ, ಹೆಸರು ತೆಗೆಸುವುದು ಕಷ್ಟವೇನಲ್ಲ.

ಚೌಡಯ್ಯ


ಮಾನ್ವಿ ತಾಲ್ಲೂಕು
೨೬–೭–೧೯೭೬

ಅಣ್ಣ,

ನೀವು ಮೂವರೂ ಬಸ್ಸು ಹತ್ತಿದ ಮೇಲೆ ಇಡೀ ದಿನ ಯೋಚಿಸಿದೆ, ಅರ್ಥವಾಗಲಿಲ್ಲ. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ನೀನು ಮುಖ ತಿರುಗಿಸಿದೆ. ಇದರಲ್ಲಾದರೂ ಬರೆ.

ಮೊನ್ನೆ ಮಧ್ಯಾಹ್ನ ಬಂದಾಗ ಚಲುವ ಹೇಗಿದ್ದ, ನೀನೇ ನೋಡಿದ್ದೀಯ. ಅರ್ಧ ಗಳಿಗೆ ಹೊಸಬರಂತೆ ನೋಡಿದ, ಆಮೇಲೆ ತೊಡೆ ಬಿಟ್ಟು ಇಳಿಯಲಿಲ್ಲ. ಬಾಗಿಲಿನ ದಾರದ ಪಕ್ಕದಲ್ಲಿ ತಾನಾಗಿಯೇ ಹೋಗಿ ನಿಂತು ‘ದಾರ ಗಿಡ್ಡ ಆಗದೆ’ ಅಂದ. ರಾಗಿ ಹಿಟ್ಟು ತಂದಿದ್ದಿರಿ, ಮುದ್ದೆ ಮಾಡಿದೆ, ನನ್ನ ಕೈಯಿಂದಲೇ ತಿಂದ. ಸಂಜೆ ನಾಟಕ ಶುರುವಾಗುವ ಮುಂಚೆ ಮಂಚಮ್ಮನ ಮನೆಯಿಂದ ಹೆರಿಗೆಗೆ ಕರೆ ಬಂತು, ಮಗು ಅಡ್ಡ ತಿರುಗಿತ್ತು, ಹೋಗದೆ ಇರುವಂತಿರಲಿಲ್ಲ. ನೀವು ನೋಡಿಕೊಂಡು ಬನ್ನಿ ಎಂದು ಹೋದೆ. ತಾಯಿ ಮಗು ಇಬ್ಬರೂ ಉಳಿದರು. ನಾನು ವಾಪಸ್ಸು ಬಂದಾಗ ಚಲುವ ಮಾವನವರ ಪಂಚೆಯ ಹಿಂದೆ ನಿಂತಿದ್ದ. ಕೈ ಚಾಚಿದರೆ ಬರಲಿಲ್ಲ. ಹೊಸ ಅಂಗಿ ಕೊಟ್ಟರೆ ಮುಟ್ಟಲಿಲ್ಲ.

ನಿದ್ದೆಗಣ್ಣು ಇರಬೇಕು ಅಂದುಕೊಂಡೆ. ಬೆಳಿಗ್ಗೆಯೂ ಹಾಗೆಯೇ. ದ್ಯಾವಮ್ಮನ ಮಗು ಎಂದಿನಂತೆ ತಪ್ಪು ಹೆಜ್ಜೆ ಹಾಕಿಕೊಂಡು ಓಡಿಬಂದಿತ್ತು, ಎತ್ತಿಕೊಂಡು, ನೋಡು ಚಲುವ ನಿನಗೊಬ್ಬ ಗೆಳೆಯ ಅಂದೆ. ಅವನು ಹೋಗಿ ಬಾಗಿಲಿನ ಆಚೆ ಕೂತ. ಮಾವನವರು ‘ನಾಟ್ಕ ಅಂತ ನಂಗೆ ಗೊತ್ತಾಯ್ತು ಕನವ್ವ, ನನ್ನ ಮಾತು ನಾನು ಉಳಿಸ್ಕೊತೀನಿ’ ಅಂದರು. ಮತ್ತೆ ಮಗನನ್ನು ಏಕೆ ಬಿಟ್ಟು ಹೋಗಲಿಲ್ಲ? ಮೊದಲು ಕಟ್ಟೆಯಲ್ಲಿ ಹೇಳಬೇಕು, ಆಮೇಲೆ ಕಳಿಸುತ್ತೇನೆ ಎಂದರಲ್ಲ, ಅದು ನಿಜವೋ, ನೆಪವೋ?

ನಾನಿಲ್ಲದಾಗ ಏನಾಯಿತು ಎಂದು ಬರೆ.

ಜಯಲಕ್ಷ್ಮಿ


ಕಿರಂಗೂರು
೯–೮–೧೯೭೬

ಜಯಲಕ್ಷ್ಮಿಗೆ ಅಣ್ಣ ಬರೆಯುವುದು.

ಮಾವನವರದು ನೆಪವಲ್ಲ. ಅವರ ಮೇಲೆ ಸಿಟ್ಟು ಮಾಡಬೇಡ. ನಿನ್ನೆ ಶೀಳನೆರೆಯಲ್ಲಿ ಕಟ್ಟೆ ಸೇರಿತ್ತು, ಅದನ್ನು ನೋಡಿಕೊಂಡೇ ಬರೆಯೋಣವೆಂದು ಇಷ್ಟು ದಿನ ತಡ ಮಾಡಿದೆ.

ನೀನು ಮಂಚಮ್ಮನ ಮನೆಗೆ ಹೋದೆ. ಚಲುವ ಎಲ್ಲರಿಗಿಂತ ಮುಂದೆ ಕೂತ. ನೀನು ಪೆಟ್ಟಿಗೆಯಲ್ಲಿ ಕಂಡ ಕೂಡಲೇ ಎದ್ದು ನಿಂತು, ಹಿಂದೆ ತಿರುಗಿ ಊರಿನ ಮಕ್ಕಳಿಗೆಲ್ಲ ‘ನಮ್ಮವ್ವ, ನಮ್ಮವ್ವ’ ಎಂದು ತೋರಿಸಿದ. ಅವನ ಮುಖ ನೀನು ನೋಡಬೇಕಾಗಿತ್ತು. ಕುಂಕುಮ, ಮೇಷ್ಟ್ರು, ಅದು ಯಾವುದೂ ಅವನಿಗೆ ಲೆಕ್ಕಕ್ಕೇ ಬರಲಿಲ್ಲ. ಆಮೇಲೆ ನೀನು ಆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅಚ್ಚುಬೆಲ್ಲ ಅಂದೆ. ನಿಂತಿದ್ದವನು ಕೂತುಬಿಟ್ಟ. ನಂಗಿರೋನು ನೀನೊಬ್ನೇ ಅಂದಾಗ ಎದ್ದು ಬಂದು ತಾತನ ಪಂಚೆ ಹಿಡಿದುಕೊಂಡ. ಹಿಂದಿನಿಂದ ಮಕ್ಕಳು ಅಚ್ಚುಬೆಲ್ಲ, ಅಚ್ಚುಬೆಲ್ಲ ಎಂದು ದ್ಯಾವಮ್ಮನ ಮಗುವನ್ನು ಎತ್ತಿ ಆಡಿಸುತ್ತಿದ್ದವು. ಇಡೀ ಊರು ಅದನ್ನು ಹಾಗೆಯೇ ಕರೆಯುತ್ತದಂತೆ, ನೀನು ನನಗೆ ಬರೆದಿರಲಿಲ್ಲ.

ಅದು ನಾಟಕ ಕಣ್ಲಾ ಎಂದು ದಾರಿಯುದ್ದಕ್ಕೂ ಹೇಳಿದೆ. ಗುಂತಕಲ್ಲಿನಲ್ಲಿ ರೈಲು ಬದಲಿಸುವಾಗ ಬಾಯಿ ಬಿಟ್ಟ. ‘ನಾಟ್ಕ ಮುಗುದ್ಮೇಲೂ ಅವ್ವ ಆ ಮೊಗಾನ ಎತ್ಕೊಂಡಿತ್ತಲ್ಲ ಮಾವ’ ಅಂದ. ರೈಲು ಹತ್ತಿದ ಮೇಲೆ ‘ಅಚ್ಚುಬೆಲ್ಲ ಅಂದ್ರೆ ನಾನಲ್ವಾ?’ ಎಂದು ಕೇಳಿದ. ನೀನೇ ಕಣ್ಲಾ ಅಂದೆ. ಅವನು ನಂಬಲಿಲ್ಲ. ಆಮೇಲೆ ಆ ಮಾತು ಎತ್ತಲೇ ಇಲ್ಲ.

ನಿನ್ನೆ ಚೌಡಯ್ಯ ಮಾವನವರು ತಲೆಯ ವಸ್ತ್ರ ತೆಗೆದು ಹೆಗಲ ಮೇಲೆ ಹಾಕಿಕೊಂಡು ಎದ್ದು ನಿಂತರು. ‘ನನ್ನ ಕಣ್ಣಾರ ನೋಡ್ಕೊಂಡ್ ಬಂದಿವ್ನಿ. ಅದು ಪಾರ್ಟು. ನನ್ನ ಸೊಸೆ ಮ್ಯಾಲೆ ಮಾತಾಡ್ದೋರು ಇನ್ನು ಬಾಯಿ ಮುಚ್ಕೊಬೇಕು’ ಅಂದರು. ನಿಂಗಯ್ಯನವರು ಒಪ್ಪಿ, ‘ಅಂಗಾದ್ರೆ ಮೊಗ ಕಳ್ಸು ಚೌಡಯ್ಯ’ ಎಂದೂ ಹೇಳಿದರು. ಮಾವನವರು ಚಲುವನನ್ನು ಮುಂದೆ ನಿಲ್ಲಿಸಿ, ‘ನಿಮ್ಮವ್ವನ ತಾವ್ಕೆ ಓಯ್ತೀಯೇನ್ಲಾ?’ ಎಂದು ಕೇಳಿದರು. ‘ಅವಳಿಗೆ ಮಗ ಅವ್ನೆ’ ಅಂದ. ಎರಡನೇ ಸಲ ಕೇಳಿದಾಗಲೂ ಅದೇ. ಒಲ್ಲದ ಮಗುವನ್ನು ಎಳೆದುಕೊಂಡು ಹೋಗುವ ಕಟ್ಟಳೆ ನಮ್ಮಲ್ಲಿ ಇಲ್ಲ ಎಂದರು ಯಜಮಾನರು. ಎಲ್ಲರೂ ಎದ್ದು ಹೋದರು.

ಬೆಟ್ಟಮ್ಮತ್ತೆಗೆ ಸಂತೋಷವಾಗಬೇಕಿತ್ತು. ಒಳಗೆ ಕೂತು ಅಳುತ್ತಿದ್ದರು.

ಕೆಂಪಣ್ಣ


ಮಾನ್ವಿ ತಾಲ್ಲೂಕು
೩೦–೮–೧೯೭೬

ಅಣ್ಣ,

ಹೋದ ತಿಂಗಳು ಮೂವತ್ತೊಂದನೇ ತಾರೀಕು ಸಂಜೆ ಟೆಲಿವಿಷನ್ ನಿಂತಿತು. ಕೊನೆಯ ಕಾರ್ಯಕ್ರಮ ಮುಗಿದ ಮೇಲೂ ಜನ ಏಳಲಿಲ್ಲ. ಮಾರನೆಯ ದಿನವೂ ಅದೇ ಹೊತ್ತಿಗೆ ಬಂದು ಖಾಲಿ ಪೆಟ್ಟಿಗೆಯ ಮುಂದೆ ಕೂತಿದ್ದು ಎದ್ದು ಹೋದರು. ಈಗ ಮೇಷ್ಟ್ರು ಅದರ ಮೇಲೆ ಬಟ್ಟೆ ಹಾಸಿ ಸೀಮೆಸುಣ್ಣದ ಡಬ್ಬ ಇಡುತ್ತಾರೆ. ಕೊಡೆಯಲ್ಲಿ ಕಾಗೆ ಕೂರುತ್ತದೆ. ಇನ್ನೊಮ್ಮೆ ತೋರಿಸಿ ಎಂದು ಕೇಳುವುದಕ್ಕೂ ಯಾರೂ ಇಲ್ಲ.

ನನ್ನ ಮೇಲೆ ಬಂದ ಅಪವಾದ ಹೋಯಿತು ಎಂದು ನೀನು ಸಮಾಧಾನ ಹೇಳುತ್ತೀಯ. ಹೋಯಿತು, ಸರಿ. ಮಗ ನಿಂಗಯ್ಯನವರ ಕೈಗೆ ಸಿಕ್ಕಿಹಾಕಿಕೊಂಡಿದ್ದರೆ ಜಗಳವಾಡಿ ಬಿಡಿಸಿಕೊಳ್ಳುತ್ತಿದ್ದೆ. ಈಗ ಯಾರ ಜೊತೆ ಜಗಳವಾಡಲಿ? ಆರು ವರ್ಷದ ಹುಡುಗನ ಜೊತೆಯೇ? ಅವನು ಹೇಳಿದ್ದರಲ್ಲಿ ಸುಳ್ಳು ಯಾವುದಿದೆ? ಕರೆದದ್ದು ನಾನು, ಅವನದೇ ಹೆಸರು ಹಿಡಿದು, ಇನ್ನೊಂದು ಮಗುವನ್ನು. ನೋಡಲಿ ಎಂದು ಅಷ್ಟು ದೂರದಿಂದ ಕರೆಸಿದ್ದೂ ನಾನೇ.

ದ್ಯಾವಮ್ಮನ ಮಗು ದಿನವೂ ಬರುತ್ತದೆ. ಬೈದು ಕಳಿಸಿದೆ, ಅಳುತ್ತಾ ಹೋಯಿತು. ಅದೇನು ಪಾಪ ಮಾಡಿತ್ತು.

ಅಂಗಿ ಚಡ್ಡಿ ಎರಡು ಜೊತೆಯನ್ನೂ ಅಂಚೆಯಲ್ಲಿ ಕಳಿಸಿದ್ದೇನೆ. ತಿಂಗಳಿಗೊಂದು ಕಾಗದ ಬರೆಯುತ್ತೇನೆ, ಓದಲು ಕಲಿತ ಮೇಲೆ ಓದಲಿ. ನೀನು ಹೋದಾಗ ಅವನ ಅಳತೆ ತೆಗೆದುಕೊಳ್ಳಬೇಡ. ಹಳೆಯ ದಾರವೇ ಇಲ್ಲಿದೆ.

ಜಯಲಕ್ಷ್ಮಿ


ಶೀಳನೆರೆ
೧೨–೧೧–೧೯೭೮

ಗೌರವಾನ್ವಿತ ನರ್ಸಮ್ಮನವರಿಗೆ ಚಲುವರಾಜು ಮಾಡುವ ನಮಸ್ಕಾರಗಳು.

ನಾನು ಈಗ ಮೂರನೇ ತರಗತಿ. ನಮ್ಮ ಮೇಷ್ಟ್ರು ದೂರದ ಊರಿನಲ್ಲಿ ಇರುವವರಿಗೆ ಒಂದು ಪತ್ರ ಬರೆಯಿರಿ ಎಂದು ಹೇಳಿದರು. ನನಗೆ ದೂರದ ಊರಿನಲ್ಲಿ ಇರುವವರು ನೀವು ಒಬ್ಬರೇ. ಅದಕ್ಕೆ ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲರೂ ಕ್ಷೇಮ. ಅಜ್ಜಿಗೆ ಮಂಡಿ ನೋವು. ತಾತ ನನಗೆ ಹಾರ್ಮೋನಿಯಂ ಕಲಿಸುತ್ತಾರೆ. ನಮ್ಮ ಕೆಂದ ಹಸು ಕರು ಹಾಕಿದೆ. ನಮ್ಮ ಊರಿಗೆ ಇನ್ನೂ ಟೀವಿ ಬಂದಿಲ್ಲ. ನಾನು ಟೀವಿ ನೋಡಿದ್ದೇನೆ ಎಂದರೆ ತರಗತಿಯಲ್ಲಿ ಯಾರೂ ನಂಬುವುದಿಲ್ಲ.

ನೀವು ಕಳಿಸಿದ್ದ ಅಂಗಿಗಳು ಚೆನ್ನಾಗಿದ್ದವು. ನಾನು ಹಾಕಿಕೊಳ್ಳಲಿಲ್ಲ, ಈಗ ನನಗೆ ಚಿಕ್ಕವು. ಹೊಸದರಂತೆಯೇ ಇವೆ. ನಿಮ್ಮ ಮಗನಿಗೆ ಆಗುತ್ತವೆ ಎಂದು ಅಜ್ಜಿಯ ಕೈಲಿ ಮಡಿಸಿ ಇಡಿಸಿದ್ದೇನೆ. ಮಾವ ಬಂದಾಗ ಕೊಟ್ಟು ಕಳಿಸುತ್ತೇನೆ.

ಪತ್ರದ ಕೊನೆಯಲ್ಲಿ ಆ ಮನೆಯ ಮಕ್ಕಳನ್ನು ವಿಚಾರಿಸಬೇಕು ಎಂದು ಮೇಷ್ಟ್ರು ಹೇಳಿದ್ದಾರೆ. ಅಚ್ಚುಬೆಲ್ಲವನ್ನು ಕೇಳಿದೆನೆಂದು ತಿಳಿಸಿ.

ಇಂತಿ
ಚಲುವರಾಜು